ಪೀಠಿಕೆ ಇಲ್ಲದೆ

ಮೊದಲನೆಯವರು ಮಂಗಳೂರಿನಲ್ಲಿ, ಲಿಫ್ಟ್ ಇದ್ದ ಆಸ್ಪತ್ರೆ.
ಹೆಸರು ಕೇಳಿದರು, ಊರು ಕೇಳಿದರು,
ಬದಿಯಡ್ಕದಿಂದ ಒಳಗೆ ಎಂದದ್ದೇ ತಡ ಪೆನ್ನು ಕೆಳಗಿಟ್ಟರು:
"ಅವರ ಮಗಳಾ ನೀವು! ಏನು ಸ್ವರ, ಏನು ಪೀಠಿಕೆ!
ಮುಕ್ಕಾಲು ಗಂಟೆ ನೀರು ಮುಟ್ಟದೆ ಅರ್ಥ ಹೇಳಿದ್ದು
ನಾನೇ ಕೂತು ಕೇಳಿದ್ದೇನೆ."
ನಾನೂ ಕೇಳಿದ್ದೇನೆ ಡಾಕ್ಟ್ರೇ,
ಸಾರಿಗೆ ಉಪ್ಪು ಕಡಿಮೆಯಾದ ದಿನ.
ಫೀಸು ಕೊಟ್ಟು ಬಂದೆ.

ಎರಡನೆಯವರು ಕರಂದಕ್ಕಾಡಿನಲ್ಲಿ. ಮೆಲುಮಾತು.
ಎಲ್ಲ ಕೇಳಿಸಿಕೊಂಡು ಕೊನೆಗೆ,
"ಎಷ್ಟಾದರೂ ಅಪ್ಪ ಅಲ್ಲವಾ, ಪ್ರಾಯವೂ ಆಯ್ತು,
ನೀವೇ ಸ್ವಲ್ಪ..."
ಆ ಸ್ವಲ್ಪವನ್ನು ಹುಟ್ಟಿದಂದಿನಿಂದ ಮಾಡುತ್ತಿದ್ದೇನೆ.
ಅಮ್ಮ ನಮ್ಮನೆಯ ಮದ್ದಳೆ, ಅಪ್ಪ ಕಣ್ಣು ಹಾಯಿಸಿದಲ್ಲಿ ಪೆಟ್ಟು.
ಅಣ್ಣ ಹೂಂಗುಟ್ಟುವವ, ಅವನಿಗೆ ಬೈಕು ಬಂತು.
ನನ್ನದು ಎದುರು ಅರ್ಥ;
ಸೋಲಬೇಕೆಂದು ಪ್ರಸಂಗದಲ್ಲೇ ಬರೆದಿದೆ.

ಮೂರನೆಯವರು ಫೋನಿನ ಪರದೆಯಲ್ಲಿ.
ಇಪ್ಪತ್ತು ಪ್ರಶ್ನೆ, ಹತ್ತೊಂಬತ್ತಕ್ಕೆ ಹೌದು.
ಇದಕ್ಕೊಂದು ಹೆಸರುಂಟು ಎಂದರು.
ಚಂದದ ಹೆಸರು, ವಾರ ಪೂರ್ತಿ ತಲೆದಿಂಬಿನಡಿ ಇಟ್ಟೆ.
ಮನೆಯಲ್ಲಿ ಬಾಯಿಬಿಟ್ಟರೆ ಅಪ್ಪ ಅದರ ಧಾತು ಹುಡುಕಿ
ಅದು ನನಗೇ ಸಲ್ಲುವುದೆಂದು
ಸಭೆಗೆ ಮನದಟ್ಟು ಮಾಡಿಯಾರು.

ನಾಲ್ಕನೆಯದಕ್ಕೆ ಚಂದ್ರಗಿರಿ ಸಂಕ ದಾಟಿ
ಕಾಞಂಗಾಡಿನ ಬಸ್ಸು. ಕನ್ನಡಕದಂಗಡಿಯ ಮೇಲಿನ ಮಾಳಿಗೆ.
ರಂಸೀನಾ, ತೃಕ್ಕರಿಪುರದವಳು, ನನಗಿಂತ ಸಣ್ಣವಳು. ಕನ್ನಡ ಬಾರದು.
ಅಪ್ಪ ತಾಳಮದ್ದಳೆಗೆ ಪ್ರಸಿದ್ಧರು, ಅಂದೆ.
"ಅದೆಂತ? ವೇಷ ಉಂಟಾ?"
ಇಲ್ಲ.
"ಕುಣಿತ?"
ಇಲ್ಲ. ಕೂತು ಮಾತಾಡುವುದು.
"ಅಷ್ಟೆಯಾ?"

ನಲವತ್ತೊಂದು ವರ್ಷದಲ್ಲಿ ಹಾಗೆ ಕೇಳಿದವರಿಲ್ಲ.
ಅಲ್ಲಿಯೇ ನಿಶ್ಚಯಿಸಿದೆ.

ನನ್ನ ಮಲಯಾಳ ರೇಷನ್ ಅಂಗಡಿಯದ್ದು, ವಿಲೇಜ್ ಆಫೀಸಿನದ್ದು.
ಅದರಲ್ಲಿ ಉಪಮೆ ಬರುವುದಿಲ್ಲ.
ಅಪ್ಪ ಬೈದರು. ನಾನು ಹೆದರಿದೆ. ಅಮ್ಮ ನೋಡಿದರು.
ಒಂದನೇ ಕ್ಲಾಸಿನ ಪಾಠದ ಹಾಗೆ ಹೇಳುತ್ತಾ ಹೋದೆ.
ಕನ್ನಡದಲ್ಲಾದರೆ ನನ್ನ ಅಳುವಿಗೂ ಅವರದ್ದೇ ಲಯ;
ಬಿಕ್ಕುವಾಗಲೂ ದುಃಖದ ವಿಸರ್ಗ ತಿದ್ದಿದವರು.
ಇಲ್ಲಿ ಕ್ರಿಯಾಪದವೇ ತಪ್ಪಿತು. ನಗಲಿಲ್ಲ ಅವಳು, ಕಾದಳು.
ದೂರದಲ್ಲಿ ರೈಲೊಂದು ಹೋಗಿ ಮುಗಿಯಿತು.

ಗಂಟೆಯಾದಾಗ ಪುಸ್ತಕ ಮುಚ್ಚಿ ಅಂದಳು:
"ಇನ್ನ್ ಇತ್ರ ಮತಿ."
ಬಸ್ಸಿನಲ್ಲಿ, ಮೀನು ಪೇಟೆಯಲ್ಲಿ ದಿನಾ ಕೇಳುವ ಮಾತೇ.
ಆದರೂ ಒಂದು ಕ್ಷಣ ಅಂಗೈ ತಣ್ಣಗಾಯಿತು,
ಮತಿಯಿಲ್ಲದವಳು, ಮನೆಯಲ್ಲಿ ನನ್ನ ಹೆಸರೇ ಅದು.
ಮೆಟ್ಟಿಲಿಳಿಯುವಾಗ ಮೆಲ್ಲ ಮೆಲ್ಲನೆ ಅರ್ಥ ಬಂತು:
ಸಾಕು.
ಇಷ್ಟು ಸಾಕು.

ವಾಪಸು ಬಸ್ಸಿನಲ್ಲಿ ಕಂಡಕ್ಟರ್
ಎರಡು ರೂಪಾಯಿ ಚಿಲ್ಲರೆಗೆ ಚೀಲ ತಡಕುತ್ತಿದ್ದ.
ಬೇಡ, ಮತಿ, ಅಂದೆ.
ಉಚ್ಚಾರ ಸರಿ ಇತ್ತೋ ಏನೋ.