ಕಪ್ಪು ಎಷ್ಟು, ಬೂದಿ ಎಷ್ಟು

ಟಾರ್ಟುವಿನಲ್ಲಿ ನದಿ ಹೆಪ್ಪುಗಟ್ಟಿದ ವಾರ
ನೆಲಮಾಳಿಗೆಯ ತಣ್ಣನೆ ಕೋಣೆಯಲ್ಲಿ ಪಿರೆಟ್
ಇಲಿಯ ಮಿದುಳು ಹೆರೆಯುತ್ತಾಳೆ.
ಕೂದಲಿಗಿಂತ ತೆಳು ಒಂದೊಂದು ಬಿಲ್ಲೆ.
ಉಸಿರು ತಾಗಿದರೆ ಸುರುಳಿ ಸುತ್ತಿಕೊಳ್ಳುತ್ತದೆ,
ಥೇಟು ಅಪ್ಪನ ಉಜ್ಜುಗೊರಡಿನ ಬಾಯಿಂದ
ಉದುರುತ್ತಿದ್ದ ಬರ್ಚ್ ಮರದ ಸಿಪ್ಪೆಯ ಹಾಗೆ.

ಬಿಲ್ಲೆಗೆ ವಿಕಿರಣದ ಮದ್ದು ಹನಿಸಿ
ಫಿಲ್ಮಿಗೆ ಒತ್ತಿ ಎಂಟು ವಾರ ಕತ್ತಲಲ್ಲಿ ಇಡಬೇಕು.
ಗ್ರಾಹಕ ಇದ್ದಲ್ಲಿ ಕಪ್ಪು ಮೂಡುತ್ತದೆ,
ಇಲ್ಲದಲ್ಲಿ ಬೂದಿ.
ಇಷ್ಟೇ ಅವಳ ಸಂಬಳದ ಕೆಲಸ:
ಕಪ್ಪು ಎಷ್ಟು, ಬೂದಿ ಎಷ್ಟು.

ನೀರು ಕುಡಿದು ಬೆಳೆದ ಇಲಿಯದು ಇದ್ದಿಲಿನಂಥ ಕಪ್ಪು.
ಮದ್ಯ ಕುಡಿದು ಬೆಳೆದ ಹದಿನೇಳನೆಯದು,
ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿ ಹೋದ ಹಲಗೆ.
ಮೊದಮೊದಲು ಅದು ಸನ್ನೆಯನ್ನು ಒಮ್ಮೆ ಒತ್ತಿ
ಒಂದು ಹನಿ ನೆಕ್ಕಿ ಮೂಲೆ ಸೇರುತ್ತಿತ್ತು.
ಆಮೇಲೆ ನಲವತ್ತು ಸಲ.
ಆಮೇಲೆ ಹನಿ ಬರದಿದ್ದರೂ ಒತ್ತಿತು.
ಸಕ್ಕರೆ ನೀರಿಟ್ಟರೆ ಮೂಸಿ ಹೊರಳಿತು,
ಜೊತೆಯ ಇಲಿ ಪಕ್ಕಕ್ಕೆ ಬಂದು ಮಲಗಿದರೆ
ಕಚ್ಚಿತು.

ಪುಸ್ತಕದ ವಿವರಣೆ ಅವಳಿಗೆ ಬಾಯಿಪಾಠ.
ತನಗೆ ತಾನೇ ಹೇಳಿಕೊಳ್ಳುವುದು ಮಾತ್ರ ಬೇರೆ,
ಕುರ್ಚಿ ಮಾಡುವವನ ಮಗಳು ನೋಡಿ:
ಮನೆಗೆ ಒಬ್ಬೊಬ್ಬರಾಗಿ ಬರುತ್ತವೆ ಸಂತೋಷಗಳು,
ಬಂದವರಿಗೆ ಒಂದೊಂದು ಕುರ್ಚಿ.
ಒಂದು ರಾತ್ರಿ ಮದುವೆ ದಿಬ್ಬಣವೇ ಕದ ಮುರಿದು ನುಗ್ಗುತ್ತದೆ.
ಮರುರಾತ್ರಿಯೂ. ಅದರ ಮಾರನೆಯ ರಾತ್ರಿಯೂ.
ಮನೆಯೊಡತಿ ಪಾಪ ಏನು ಮಾಡಿಯಾಳು,
ಒಂದೊಂದೇ ಕುರ್ಚಿ ಎತ್ತಿ ಅಟ್ಟಕ್ಕೆ ಸಾಗಿಸುತ್ತಾಳೆ.
ಆಮೇಲೊಂದು ಬೆಳಿಗ್ಗೆ
ರೈ ರೊಟ್ಟಿಯ ಬಿಸಿ ವಾಸನೆ ಬಂತು,
ಮಗಳ ಶಾಲೆಯ ಹಾಡು ಬಂತು,
ಹೊಸ್ತಿಲಲ್ಲಿ ನಿಂತವು, ಕೂರಲು ಜಾಗ ಕಾಣದೆ
ಹೊರಟುಹೋದವು.

ಆಗ ಅವಳಿಗೆ ಒಂಬತ್ತು ವರ್ಷ.
ಮೂರೂ ಚರಣ ಹಾಡಿದ್ದಳು, ತಪ್ಪಿಲ್ಲದೆ.
ಅಪ್ಪ ಊಲೋ ಕೇಳಿಸಿಕೊಂಡಿದ್ದ,
ಅದಕ್ಕೆ ಸಾಕ್ಷಿ ಮುಖದಲ್ಲಿರಲಿಲ್ಲ.
ಕಲ್ಲು ಮನಸ್ಸು ಅವನದು, ಅಂದಿದ್ದಳು ಅಜ್ಜಿ.
ಕಲ್ಲಲ್ಲ ಅಜ್ಜಿ.
ಬೂದಿ.

ಬಿಟ್ಟ ವಾರದ್ದು ಇನ್ನೊಂದೇ ಕಥೆ.
ತಣಿಸುವ ಕದಗಳೆಲ್ಲ ತುಕ್ಕು ಹಿಡಿದು
ಕೆರಳಿಸುವವು ಹಾರುಹೊಡೆದು
ಮೂರನೆಯ ರಾತ್ರಿ ಗೋಡೆ ತುಂಬ ಇರುವೆ ಕಂಡ.
ಚಹಾ ಲೋಟದ ಅಂಚು ಹಲ್ಲಿಗೆ ಕಟಕಟ ಬಡಿದು
ತೊಡೆಗೆ ಚೆಲ್ಲಿತು. ಆಸ್ಪತ್ರೆಯಲ್ಲಿ ಮಂಚಕ್ಕೆ ಬಿಗಿದರು.
ಮನಸ್ಸು ಗಟ್ಟಿ ಮಾಡಿಕೋ, ಅಂದರು ನೋಡಲು ಬಂದವರು.
ಯಾವ ಮನಸ್ಸು ಸ್ವಾಮಿ,
ಯಾವ ಮಿದುಳಿನಿಂದ?

ಈಗ ಹದಿನಾಲ್ಕು ತಿಂಗಳು.
ಭಾನುವಾರ ಐದನೆಯ ಮಹಡಿಯ ಅವನ ಮನೆಗೆ
ಎಸೆಯಬೇಕಿದ್ದ ಮೂರು ಫಿಲ್ಮು ಒಯ್ದಳು.
ಕನ್ನಡಕ ಏರಿಸಿ, ಕಿಟಕಿಯ ಹಿಮದ ಬೆಳಕಿಗೆ ಹಿಡಿದು
ಇದರಲ್ಲಿ ನಾನು ಯಾವುದು, ಅಂದ.
ಇವು ಇಲಿಗಳಪ್ಪ.
ಅದು ಗೊತ್ತು.

ಮೂರನೆಯದರ ಮೇಲೆ ಅವನ ಹೆಬ್ಬೆರಳು ನಿಂತಿತು.
ಕುಡಿಸಿ, ಬಿಡಿಸಿ, ತಿಂಗಳುಗಟ್ಟಲೆ
ಸುಮ್ಮನೆ ಬದುಕಲು ಬಿಟ್ಟ ಇಲಿ ಅದು,
ಹೇಳಿರಲಿಲ್ಲ ಅವಳು.
ಅತ್ತ ಕಪ್ಪಲ್ಲ, ಇತ್ತ ಬೂದಿಯೂ ಅಲ್ಲ.
ಇದಕ್ಕೆ ಇನ್ನೊಂದು ಕೈ ಪಾಲಿಶ್ ಬೇಕು, ಅಂದ.

ಬಟ್ಟಲಿನ ಪ್ಲಮ್ ಬಾಯಿಗೆ ಹಾಕಿಕೊಂಡು
ಹುಬ್ಬು ಗಂಟಿಕ್ಕಿದ.
ಹುಳಿ ಇದೆ.
ಹೋದ ವರ್ಷವೂ ಇದೇ ಮರದ್ದಪ್ಪ.
ಹೌದಾ? ಹೋದ ವರ್ಷ ಇರಲಿಲ್ಲ ಹುಳಿ,
ಏನೂ ಇರಲಿಲ್ಲ,
ಅಂದು ಇನ್ನೊಂದು ತೆಗೆದುಕೊಂಡ.

ಬಸ್ಸಿನಲ್ಲಿ ಕೂತು ಅವಳು ಕೈಗವಸು ಬಿಚ್ಚಿದಳು, ಹಾಕಿದಳು.
ನಾಳೆ ಹದಿನೆಂಟನೆಯದರ ಸರದಿ.
ಇಲಿಗಳಿಗೆ ಹೆಸರಿಡಬಾರದು, ಅಲ್ಲಿನ ನಿಯಮ.
ಇಟ್ಟಿದ್ದಾಳೆ.
ಯಾರಿಗೂ ಹೇಳಿಲ್ಲ.