ಮೊದಲ ಇಪ್ಪತ್ತು ನಿಮಿಷ

ರಿಮೋಟು ಕೈಕೊಟ್ಟ ರಾತ್ರಿ ಅದು.
ಸೆಲ್ಲು ತೆಗೆದು ಉಜ್ಜಿದೆ, ಹಲ್ಲಲ್ಲಿ ಕಚ್ಚಿದೆ,
ಬಿಸಿಲಿಗಿಡೋಣವೆಂದರೆ ಜನವರಿ; ಹೀಟರಿನ ಮೇಲಿಟ್ಟೆ.
ಒಂದೇ ಒಂದು ಗುಂಡಿಗೆ ಜೀವ ಬಂತು,
ಒಂದೇ ಒಂದು ಚಾನೆಲ್ಲು ಜರುಗಿತು,
ಅಲ್ಲಿಗೆ ಮತ್ತೆ ಸತ್ತಿತು.

ಹೊರಗೆ ಲಿಯೆಪಾಯದ ಗಾಳಿ,
ಬಾಲ್ಟಿಕ್ ಕಡಲಿಂದ ನೇರ ಎದ್ದು ಬಂದದ್ದು,
ಕಿಟಕಿ ಸಂದಿಗೆ ನಾನು ತುರುಕಿದ ಹಳೆಯ ಕಾಲುಚೀಲವನ್ನು
ಒಳಗೆ ತಳ್ಳಿಯೇ ತೀರುವ ಹಟದಲ್ಲಿತ್ತು.
ಹಗಲೆಲ್ಲ ಟ್ರ್ಯಾಮು ಓಡಿಸಿ ಬಂದವಳು ನಾನು,
ಮೊಣಕಾಲಿಗೆ ಮುಲಾಮು ಹಚ್ಚಿ,
ಕಪ್ಪು ಬ್ರೆಡ್ಡಿನ ಮೇಲೆ ಡಬ್ಬಿಯ ಮೀನು ಹರಡಿಕೊಂಡು
ಕೂತಿದ್ದೆ, ಹವಾಮಾನ ಕೇಳಿ ಮಲಗೋಣವೆಂದು.
ನಾಳೆಯೂ ಗಾಳಿಯೇ. ಕೇಳಬೇಕಾದ್ದೇನೂ ಇರಲಿಲ್ಲ.

ತೆರೆಯ ಮೇಲೆ ಒಬ್ಬ ಡ್ರೈವಿಂಗ್ ಮಾಸ್ತರ.
ಗಿಡ್ಡ, ಬಕ್ಕತಲೆ, ಹೊಟ್ಟೆಗೆ ಸಾಲದ ಸ್ವೆಟರು.
ಎಡಕ್ಕೆ ತಿರುಗಲು ಅವನಿಗೆ ಭಯ.
ಯಾಕೆ ಭಯ? ಮೊದಲೇ ಹೇಳಿರಬೇಕು, ನಾನು ನೋಡಿಲ್ಲ.
ಅದಕ್ಕೇ ಶಿಷ್ಯರಿಗೆಲ್ಲ ಬಲ, ಬಲ, ಮತ್ತೂ ಬಲ;
ಎದುರಿಗೇ ಕಾಣುವ ಅಂಚೆ ಕಚೇರಿಗೆ
ಇಡೀ ಊರು ಪ್ರದಕ್ಷಿಣೆ ಹಾಕಿ ತಲುಪುತ್ತಾನೆ!
ಒಂಬತ್ತು ಸಲ ಫೇಲಾದ ಶಿಷ್ಯೆಯೊಬ್ಬಳು,
ದಪ್ಪ ಕನ್ನಡಕ, ಜೇನು ಮಾರುವವಳು,
ಮಡಿಲಲ್ಲಿ ಜಾಡಿ ಇಟ್ಟುಕೊಂಡೇ ಕ್ಲಚ್ಚು ಒತ್ತುತ್ತಾಳೆ.
ಅವಳ ತಂಗಿಯ ಮನೆ ಇರುವುದು ಎಡಕ್ಕೆ.
ಹನ್ನೊಂದು ವರ್ಷದಿಂದ ಇಬ್ಬರಿಗೂ ಮಾತಿಲ್ಲ,
ಒಂದು ಹೊಲಿಗೆ ಯಂತ್ರದ ಪಾಲಿನ ಜಗಳಕ್ಕೆ.

ದೊಡ್ಡ ನಟರಿಲ್ಲ. ಕಾರು ಒಂದೇ,
ಅದರ ಬಾಗಿಲೂ ಬೇರೆ ಬಣ್ಣದ್ದು.
ಜನಜಂಗುಳಿ ಎಂದು ತೋರಿಸಿದಲ್ಲಿ
ಅದೇ ನಾಲ್ಕು ಮಂದಿ ಟೊಪ್ಪಿ ಬದಲಿಸಿ ಬದಲಿಸಿ ಹಾಯುತ್ತಾರೆ;
ಕತೆಗೆ ಸಂಬಂಧವೇ ಇಲ್ಲದ ನಾಯಿಯೊಂದು
ನಡುರಸ್ತೆಯಲ್ಲಿ ಕೂತು ಕ್ಯಾಮೆರಾ ನೋಡುತ್ತದೆ,
ಯಾರಿಗೂ ಅದನ್ನು ತೆಗೆದುಹಾಕುವ ಮನಸ್ಸಾಗಿಲ್ಲ.
ನಾನು ನಕ್ಕೆ. ಮೊದಲು ಮೂಗಿನಲ್ಲಿ,
ಆಮೇಲೆ ಮೀನು ನೆತ್ತಿಗೆ ಹತ್ತುವಷ್ಟು.
ಪಕ್ಕದ ಮನೆಯ ಮುದುಕ ಅರ್ವಿಡ್ಸ್ ಗೋಡೆ ಕುಟ್ಟಿದ.
ಮೂರು ವರ್ಷದಲ್ಲಿ ಮೊದಲ ಸಲ.
ಗೋಡೆಯಾಚೆ ಅವನಿದ್ದಾನೆಂಬುದೇ ನನಗೆ ಮರೆತಿತ್ತು.

ಕೊನೆಗೆ ಇಬ್ಬರೂ ಆ ಅಡ್ಡರಸ್ತೆಗೆ ಬಂದು ನಿಲ್ಲುತ್ತಾರೆ.
ಎಡಗಡೆಯ ದೀಪ ಟಿಕ್ ಟಿಕ್ ಟಿಕ್.
ಹಿಂದೆ ಸಾಲುಗಟ್ಟಿದ ಲಾರಿ, ಹೆಣದ ಗಾಡಿ, ಮದುವೆ ದಿಬ್ಬಣ;
ಒಬ್ಬರೂ ಹಾರ್ನು ಹೊಡೆಯುವುದಿಲ್ಲ.
ಅವನು ಕಣ್ಣು ಮುಚ್ಚುತ್ತಾನೆ. ಸ್ಟಿಯರಿಂಗು ಅವಳ ಕೈಲಿ.
ತಿರುಗಿದರೋ?
ತಿರುಗಿದರು. ಸೋಫಾದ ಮೇಲೆ ನಾನೂ
ಅವರ ಜೊತೆ ಎಡಕ್ಕೆ ವಾಲಿದೆ.
ಬಾಗಿಲು ತೆರೆದ ತಂಗಿ ಅಂದದ್ದು ಇಷ್ಟೇ:
"ಸೂಜಿ ಮುರಿದಿದೆ. ಒಳಗೆ ಬಾ."

ಹೆಸರುಗಳು ಏರತೊಡಗಿದವೋ ಇಲ್ಲವೋ
ಹವಾಮಾನದವಳು ನುಗ್ಗಿದಳು. ಗಾಳಿ, ಎಂದಳು.
ಚಿತ್ರದ ಹೆಸರೇನೋ, ಮಾಡಿದವರು ಯಾರೋ.

ಮರುದಿನ ಡಿಪೋದಲ್ಲಿ ಕೇಳಿದೆ; ಯಾರೂ ನೋಡಿಲ್ಲ.
ಕತೆ ಹೇಳಿದೆ. "ಎಡ ಅಂದ್ರೆ ಯಾಕಂತೆ ಭಯ?"
ಟಿಕೆಟ್ ಯಂತ್ರ ರಿಪೇರಿಯ ಸ್ಕೈದ್ರೀತೆ ಕೇಳಿದಳು.
ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ.
"ಚಿಕ್ಕಂದಿನಲ್ಲಿ ಬಾತುಕೋಳಿ ಅಟ್ಟಿಸಿಕೊಂಡು ಬಂದಿತ್ತು, ಎಡದಿಂದ."
ಮೆಕ್ಯಾನಿಕ್ ಗುಂಟಿಸನಿಗೆ ಬೇರೆಯೇ ಹೇಳಿದೆ:
ಎಡಕ್ಕೆ ಹೋದ ಹೆಂಡತಿ ಮತ್ತೆ ಬರಲಿಲ್ಲವಂತೆ.
ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ.
ಸಂಜೆ, ಗದ್ದಲಕ್ಕೆ ಕ್ಷಮೆ ಕೇಳಲೆಂದು
ಜೇನಿನ ಜಾಡಿ ಹಿಡಿದು ಅರ್ವಿಡ್ಸನ ಬಾಗಿಲು ತಟ್ಟಿದೆ.
ಹೊಸ್ತಿಲಲ್ಲೇ ನಿಂತು ಎಲ್ಲ ಕೇಳಿ ಅಂದ:
"ಭಯಕ್ಕೆ ಕಾರಣ ಬೇಕೇನಮ್ಮ?
ನಾನು ಕುಟ್ಟಿದ್ದು ನಗು ನಿಲ್ಲಿಸೋದಕ್ಕಲ್ಲ,
ಯಾವ ಚಾನೆಲ್ಲು ಅಂತ ಕೇಳೋದಕ್ಕೆ."

ಟ್ರ್ಯಾಮಿಗೆ ಎಡವಿಲ್ಲ, ಬಲವಿಲ್ಲ,
ಹಳಿ ಹೇಳಿದ್ದೇ ದಾರಿ; ನನಗೆ ಸ್ಟಿಯರಿಂಗೇ ಇಲ್ಲ.
ಆದರೂ ಇವತ್ತು ಮಾರುಕಟ್ಟೆಯ ತಿರುವಿನಲ್ಲಿ
ಹಳಿ ತಾನಾಗಿ ಎಡಕ್ಕೆ ಬಾಗುವಾಗ
ಒಂದು ಚಣ ಕಣ್ಣು... ಇಲ್ಲ, ಮುಚ್ಚಲಿಲ್ಲ, ಕೆಲಸ ಹೋದೀತು,
ಸುಮ್ಮನೆ ಗಂಟೆ ಬಾರಿಸಿದೆ.
ಅಡ್ಡ ಯಾರೂ ಬಂದಿರಲಿಲ್ಲ.