ಐವತ್ತು ನಿಮಿಷ ತಡ

ಸಾ ಡೆಕ್‌ನ ಅಕ್ಕಿ ಗಿರಣಿಯಲ್ಲಿ ನನಗೆ ಸಿಕ್ಕಿದ್ದು
ಒಂದು ಹಳದಿ ಹೆಲ್ಮೆಟ್ಟು, ಒಂದು ಮಲ್ಟಿಮೀಟರು,
ಮತ್ತೆ ಯಾರಿಗೂ ಬೇಡವಾದ ನಾಲ್ಕನೇ ನಂಬರಿನ ಮೋಟರು.
ಮೂವತ್ತೇಳು ಕಿಲೋವ್ಯಾಟು. ಅಕ್ಕಿಗೆ ಪಾಲಿಶ್ ಹಿಡಿಯುವುದು ಅದರ ಕೆಲಸ.
ತಿಂಗಳಿಂದ ಮನಸ್ಸು ಬಂದಾಗ ನಿಂತುಬಿಡುತ್ತದೆ,
ಇನ್ವರ್ಟರಿನ ಪುಟ್ಟ ಗಾಜಿನಲ್ಲಿ ಕೆಂಪಗೆ
ಗ್ರೌಂಡ್ ಫಾಲ್ಟ್ ಎಂದಷ್ಟೇ ಬರೆದು.
ಕರೆಂಟು ನೆಲಕ್ಕೆ ಸೋರುತ್ತಿದೆ. ಎಲ್ಲಿ ಎಂದು ಹೇಳುವುದಿಲ್ಲ.

ಎಲ್ಲರೂ ಅವರನ್ನು ಏಳನೇ ಚಿಕ್ಕಪ್ಪ ಎನ್ನುತ್ತಾರೆ.
ನಿಜಕ್ಕೂ ಆರನೆಯವರು. ನಮ್ಮ ಕಡೆ ಮಕ್ಕಳ ಎಣಿಕೆ ಎರಡರಿಂದ ಶುರು,
ಚೊಚ್ಚಲನ್ನು ದೆವ್ವದ ಕಣ್ಣಿಂದ ಬಚ್ಚಿಡಲು.
ಮೊದಲ ದಿನವೇ ಹೇಳಿದ್ದರು: ಞಿಯೆನ್,
ಸ್ವಿಚ್ಚು ಆರಿಸಿದೊಡನೆ ಕೈ ಹಾಕಬೇಡ,
ಒಳಗಿನ ಕೆಪಾಸಿಟರುಗಳ ಜೀವ ನಿಧಾನಕ್ಕೆ ಹೋಗುತ್ತದೆ.
ಐದು ನಿಮಿಷ ಕೂತಿರು. ಮೀಟರು ಹಿಡಿ. ಸೊನ್ನೆ ನೋಡು. ಆಮೇಲೆ ಮುಟ್ಟು.
ಅವರ ಬಲಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ.
ನಾನು ಕೇಳಲಿಲ್ಲ.

ಐದು ನಿಮಿಷ ಎಷ್ಟುದ್ದ ಎಂದು ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.
ತವುಡಿನ ಧೂಳು ರೆಪ್ಪೆಯ ಮೇಲೆ ಕೂರುತ್ತದೆ.
ಪ್ಯಾನೆಲ್ಲಿನ ಮೂಲೆಯಿಂದ ಒಂದು ಹಲ್ಲಿ ನನ್ನನ್ನು ಓದುತ್ತದೆ.

ಮೋಟರು ಬಿಚ್ಚಿ ಅಳೆದೆ: ಸುರುಳಿ ಮೂರೂ ಸಮ, ಇನ್ಸುಲೇಶನ್ ಗಟ್ಟಿ.
ಇನ್ವರ್ಟರನ್ನು ಬೇರೆ ಮೋಟರಿಗೆ ಕಟ್ಟಿದೆ: ಇಡೀ ಪಾಳಿ ಕೆಮ್ಮದೆ ಓಡಿಸಿತು.
ಕೇಬಲ್ಲನ್ನೂ ಅಳೆದೆ, ಸುಡು ಮಧ್ಯಾಹ್ನ. ಅದೂ ಸಾಚಾ.
ಒಬ್ಬೊಬ್ಬರನ್ನೇ ಕೇಳಿದರೆ ಯಾರದೂ ತಪ್ಪಿಲ್ಲ,
ಒಟ್ಟಿಗೆ ಬಿಟ್ಟರೆ ಸಂಸಾರ ಸಾಗುವುದಿಲ್ಲ.
ಹೊಸ ಇನ್ವರ್ಟರೇ ತರಿಸೋಣ ಎಂದರು ಮ್ಯಾನೇಜರ್ ಟ್ವಾನ್,
ಎಂಟು ಕೋಟಿ ಡಾಂಗ್, ನಿನ್ನ ವರದಿ, ನಿನ್ನ ಸಹಿ.

ಆ ರಾತ್ರಿ ಫಾಲ್ಟಿನ ಪಟ್ಟಿಯನ್ನು ನೋಟ್‌ಬುಕ್ಕಿಗೆ ಇಳಿಸಿದೆ.
ಸೋಮವಾರ ನಾಲ್ಕೂ ಹತ್ತು.
ಮಂಗಳವಾರ ಐದು.
ಬುಧವಾರ ಐದೂ ಐವತ್ತೆರಡು.
ಗುರುವಾರ ಆರೂ ನಲವತ್ತು.
ಸಂಬಳಕ್ಕೆ ಬರುವ ಯಾವ ಮನುಷ್ಯನೂ
ಇಷ್ಟು ನಿಯತ್ತಾಗಿ ತಡ ಮಾಡುವುದಿಲ್ಲ.
ಅದರ ಹಿಂದಿನ ವಾರ ಒಂದೂ ಇಲ್ಲ. ಅದಕ್ಕೂ ಹಿಂದೆ, ಮತ್ತೆ ಸಾಲು ಸಾಲು.
ಲೋಡು? ಸೆಖೆ? ರಾತ್ರಿ ಪಾಳಿಯ ತೂಕಡಿಕೆ?
ಯಾವುದನ್ನು ಹಚ್ಚಿದರೂ ಅಂಟಲಿಲ್ಲ.

ಗಿರಣಿಯ ಕಟ್ಟೆಗೆ ದೋಣಿ ಕಟ್ಟಿ ನೂಡಲ್ಸ್ ಮಾರುವ ಆರನೇ ಅಜ್ಜಿ
ಬೆಳಿಗ್ಗೆ ನನ್ನ ಬಟ್ಟಲಿಗೆ ಸಾರು ಸುರಿಯುತ್ತ ಗೊಣಗಿದಳು:
ನಿನ್ನೆಗಿಂತಲೂ ತಡವಾಯಿತು ಮಗಳೇ, ಏನು ಮಾಡಲಿ,
ನೀರು ಏರದೆ ಕಾಲುವೆಯ ಬಾಯಿ ದಾಟುವಂತಿಲ್ಲ.
ಹುಣ್ಣಿಮೆಯ ನೀರು ಇಳಿಯುವ ತನಕ ಹೀಗೇ.

ಚಮಚ ಬಾಯಿಯ ಹತ್ತಿರವೇ ನಿಂತಿತು.

ದೋಣಿಯ ಕಮಾನಿಗೆ ಮೊಳೆ ಹೊಡೆದಿದ್ದ ಎಣ್ಣೆಗಲೆಯ ಕ್ಯಾಲೆಂಡರಿನಲ್ಲಿ
ಉಬ್ಬರದ ಹೊತ್ತುಗಳು: ನನ್ನ ನೋಟ್‌ಬುಕ್ಕಿನ ಅವೇ ಸಾಲು,
ಇಪ್ಪತ್ತು ನಿಮಿಷ ಮೊದಲು.
ಕಾಲುವೆಯಿಂದ ಗಿರಣಿಯ ಒಳಗೆ
ನೀರು ನಡೆದು ಬರಲು ಬೇಕಾದಷ್ಟು ಹೊತ್ತು.

ಹಾರೆ ಹಾಕಿ ಕಾಂಕ್ರೀಟಿನ ಮುಚ್ಚಳ ಎತ್ತಿದೆವು.
ಕೆಸರು ನೀರಲ್ಲಿ ಮುಳುಗಿ ಕೂತಿತ್ತು ಹಳೆಯ ಜಾಯಿಂಟು,
ಟೇಪು ಸುತ್ತಿದ ಗಂಟು, ಅಡ್ಡಾದಿಡ್ಡಿ,
ಎಡಗೈಯಲ್ಲಿ ಸುತ್ತಿದ ಹಾಗೆ.
ಏಳನೇ ಚಿಕ್ಕಪ್ಪ ಬಹಳ ಹೊತ್ತು ನೋಡಿದರು.
ನಂದೇ, ಎಂದರು. ಹನ್ನೊಂದು ವರ್ಷವಾಯಿತು.
ಬೆಳಗಾಗುವುದರೊಳಗೆ ಓಡಿಸಬೇಕಿತ್ತು. ಅದೇ ರಾತ್ರಿ ಕೈ ಸುಟ್ಟದ್ದು.
ಐದು ನಿಮಿಷ ಯಾರ ಹತ್ತಿರ ಇತ್ತು?
ವರದಿಯಲ್ಲಿ ಬರೆ. ಹೆಸರು ಹಾಕಿಯೇ ಬರೆ.

ಹೊಸ ಕೇಬಲ್ಲು ಎಳೆದೆವು, ಗಂಟಿಲ್ಲದ್ದು.
ಮರುದಿನ ನೀರು ಏರಿತು, ಮೋಟರು ನಿಲ್ಲಲಿಲ್ಲ.
ನಾನು ಆಫೀಸಿನಲ್ಲಿ ಕೂತು ಕಾರಣಗಳನ್ನು ಬರೆದೆ.
ಎರಡು: ಉಬ್ಬರದ ನೀರು.
ಮೂರು: ಮುಚ್ಚಳದ ಬಿರುಕು.
ಟ್ವಾನ್ ಕನ್ನಡಕ ಏರಿಸಿ ಒಂದನೆಯದು ಎಲ್ಲಿ ಎಂದರು.
ನಮ್ಮ ಕಡೆಯ ಎಣಿಕೆ ಸಾರ್, ಎಂದೆ.